ಏಳನ್ನು ಎರಡರಿಂದ ಭಾಗಿಸಿದರೆ

ಸೋಮವಾರ ಬೆಳಿಗ್ಗೆ ಏಳೂವರೆಗೆ, ಜಾವಾ ಕಲಿಸುವ ಭಾನುಮೂರ್ತಿ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಪೈಥಾನ್ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತಿದ್ದರು.

ಅದು ಪುಕ್ಕಟೆ ಡೆಮೊ. ಬೀದಿ ತುಂಬ ಕಂಪ್ಯೂಟರ್ ಭಾಷೆ ಕಲಿಸುವ ಇನ್‌ಸ್ಟಿಟ್ಯೂಟುಗಳೇ ಇರುವ ಅಮೀರ್‌ಪೇಟೆಯಲ್ಲಿ ಯಾವ ಕೋರ್ಸಿಗೂ ಮೊದಲ ಮೂರು ದಿನ ಯಾರು ಬೇಕಾದರೂ ಬಂದು ಕೂರಬಹುದು. ಮೇಷ್ಟ್ರು ಹಿಡಿಸಿದರೆ ನಾಲ್ಕನೆಯ ದಿನ ಫೀಸು ಕಟ್ಟಬೇಕು. ಕೌಂಟರಿನಲ್ಲಿ ಹೆಸರು, ಫೋನ್ ನಂಬರ್ ಕೊಟ್ಟರೆ ಸಾಕು. ಭಾನುಮೂರ್ತಿ ತಮ್ಮ ಹೆಸರು ಸತ್ಯಂ ಎಂದು ಹೇಳಿದ್ದರು. ನಂಬರನ್ನು ಮಾತ್ರ ತಮ್ಮದೇ ಕೊಟ್ಟರು. ಸೀಟಿನ ಸಂಖ್ಯೆ ಫೋನಿಗೇ ಬರುತ್ತಿದ್ದುದರಿಂದ ಬೇರೆ ದಾರಿ ಇರಲಿಲ್ಲ.

ಹದಿನೇಳು ವರ್ಷದಿಂದ ಅವರು ಅದೇ ಬೀದಿಯಲ್ಲಿ ಜಾವಾ ಹೇಳಿಕೊಡುತ್ತಿದ್ದರು. ಆ ಕಟ್ಟಡದ ಎದುರು ಕಂಬದಲ್ಲೇ ಅವರ ಮೀಸೆ ಹೊತ್ತ ಫ್ಲೆಕ್ಸ್ ನೇತಾಡುತ್ತಿತ್ತು. ಮುಖ ಮುಚ್ಚಿಕೊಳ್ಳದೆ ಮೆಟ್ಟಿಲು ಹತ್ತುವಂತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗ, "ಏನಂಕಲ್, ನೆಗಡಿಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಕುರ್ಚಿ ಆಚೆ ಸರಿದು ಕೂತ.

ಪಾಠ ಹೇಳುತ್ತಿದ್ದವನು ಇಮ್ತಿಯಾಜ್. ನಂದ್ಯಾಲದವನು, ಮೂವತ್ತೊಂದರ ವಯಸ್ಸು. ಒಂದು ಕಾಲದಲ್ಲಿ ಭಾನುಮೂರ್ತಿಯವರ ಒಂಬತ್ತು ಗಂಟೆಯ ತರಗತಿಯಲ್ಲಿ ಕೂತು ಜಾವಾ ಕಲಿತವನು. ಮೈಕು ಹಿಡಿಯುವ ರೀತಿ, ವಾಕ್ಯದ ಅರ್ಧ ತಾನು ಹೇಳಿ ಉಳಿದರ್ಧ ಇಡೀ ತರಗತಿಯಿಂದ ಹೇಳಿಸುವ ರೀತಿ, ಎಲ್ಲ ಗುರುವಿನದೇ.

"ನಾವು ಕೋಡ್ ಬರೆಯೋದು ಕಂಪ್ಯೂಟರ್‌ಗಲ್ಲ..." ಎಂದ ಇಮ್ತಿಯಾಜ್.

"ನಾಳೆ ಓದೋನಿಗೆ!" ಎಂದಿತು ಹಾಲ್.

"ಇದು ನನ್ನ ಮಾತಲ್ಲ. ನಮ್ಮ ಗುರುಗಳು ಭಾನು ಸಾರ್ ಹೇಳಿದ್ದು. ಜಾವಾ ಬೇಕಿದ್ರೆ ಅವರ ಹತ್ರಾನೇ ಹೋಗಿ, ಬೇರೆ ಕಡೆ ಹೋಗಿ ಸಮಯ ಹಾಳು ಮಾಡ್ಕೋಬೇಡಿ."

ಭಾನುಮೂರ್ತಿ ತಲೆ ತಗ್ಗಿಸಿದರು. ಹೊಗಳಿಕೆ ಕೇಳಿ ಮುಖ ಬಿಸಿಯಾದದ್ದು ಅವರ ಅನುಭವದಲ್ಲಿ ಅದೇ ಮೊದಲು.

"ಸರಿ. ಜಾವಾ ಬಂದೋರು ಕೈ ಎತ್ತಿ," ಎಂದ ಇಮ್ತಿಯಾಜ್. ಅರ್ಧ ಹಾಲ್ ಕೈ ಎತ್ತಿತು. ಭಾನುಮೂರ್ತಿ ಎತ್ತಲಿಲ್ಲ. "ಏಳನ್ನ ಎರಡರಿಂದ ಭಾಗಿಸಿದ್ರೆ ಎಷ್ಟು?"

"ಮೂರು!" ಎಂದರು ಕೈ ಎತ್ತಿದವರು. ಜಾವಾದಲ್ಲಿ ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಉಳಿದದ್ದನ್ನು ಕತ್ತರಿಸಿ ಎಸೆಯುತ್ತದೆ. ಕರ್ಚೀಫಿನೊಳಗೆ ಭಾನುಮೂರ್ತಿಯವರ ತುಟಿಯೂ ಮೂರು ಎಂದಿತ್ತು.

"ಇಲ್ಲಿ ಮೂರೂವರೆ. ಮನೇಲಿ ನಿಮ್ಮಜ್ಜಿ ಭಾಗಿಸಿದ್ರೆ ಎಷ್ಟು ಬರುತ್ತೋ ಅಷ್ಟೇ," ಎಂದ ಇಮ್ತಿಯಾಜ್. ಹಾಲ್ ನಕ್ಕಿತು.

ಎಂಟೂವರೆಗೆ ತರಗತಿ ಬಿಟ್ಟಾಗ ಭಾನುಮೂರ್ತಿ ಎಲ್ಲರಿಗಿಂತ ಮೊದಲು ಕೆಳಗಿಳಿದು ಹೋದರು.

ಅವರು ಅಲ್ಲಿಗೆ ಬರುವಂತೆ ಮಾಡಿದ್ದು ದಾಮೋದರ ರೆಡ್ಡಿಯ ಮಾತು. ದಾಮೋದರ ರೆಡ್ಡಿ ಅವರು ಕಲಿಸುತ್ತಿದ್ದ ಇನ್‌ಸ್ಟಿಟ್ಯೂಟಿನ ಮಾಲೀಕ. ಶನಿವಾರ ತನ್ನ ಕೋಣೆಗೆ ಕರೆದು, ಚಹಾ ತರಲು ಹೇಳಿ, ಅದು ಬರುವ ಮುಂಚೆಯೇ ವಿಷಯಕ್ಕೆ ಬಂದಿದ್ದ.

"ಮೂರ್ತಿಗಾರು, ಆಗಸ್ಟ್‌ನಿಂದ ಒಂಬತ್ತು ಗಂಟೆಯ ದೊಡ್ಡ ಹಾಲ್ ಪೈಥಾನ್‌ಗೆ. ನೀವೇ ಹೇಳಿಕೊಡ್ತೀರಾ, ಇಲ್ಲಾ ನಾನು ಬೇರೆಯೋರನ್ನ ಕರ್ಕೊಂಡು ಬರಲಾ?"

"ಒಂಬತ್ತು ಗಂಟೆ ನಂದಲ್ವಾ ರೆಡ್ಡಿಗಾರು?"

"ನಿಮ್ದೇ. ಮುಂಚೆ ಜನ ಬಾಗಿಲಲ್ಲಿ ನಿಂತ್ಕೊಂಡು ಕೇಳ್ತಿದ್ರು. ಈಗ ಕೊನೇ ನಾಲ್ಕು ಸಾಲಿಗೆ ಫ್ಯಾನ್ ಹಾಕೋದೇ ದಂಡ. ನೀವೇ ನೋಡ್ತಿದ್ದೀರಲ್ಲ."

"ಇದೆಲ್ಲ ಎರಡು ದಿನದ ಹುಚ್ಚು."

"ಹುಚ್ಚು ಯಾವ ಗಲ್ಲೀಲಿದ್ರೆ ನಾನು ಅಂಗಡಿ ಆ ಗಲ್ಲೀಲಿ ಇಡ್ತೀನಿ. ತಿಂಗಳ ಕೊನೆಯೊಳಗೆ ಹೇಳಿ. ಚಹಾ ಕುಡೀರಿ."

ಭಾನುಮೂರ್ತಿಗೆ ನಲವತ್ತೆಂಟು. ಹೊಸ ಭಾಷೆ ಕಲಿಯಲಾರರೆಂದಲ್ಲ. ಕಲಿಯುವುದೆಂದರೆ ತಪ್ಪು ಮಾಡುವುದು. ಬೋರ್ಡಿನ ಮುಂದೆ ನಿಂತು ತಪ್ಪು ಮಾಡಿ ಅವರಿಗೆ ವರ್ಷಗಳೇ ಆಗಿದ್ದವು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಪೈಥಾನ್ ಬೇಡವೆಂದು ಅವರು ಎರಡು ವರ್ಷದಿಂದ ಮೈಕಿನಲ್ಲೇ ಹೇಳುತ್ತ ಬಂದಿದ್ದರು. ಹೇಳಿದ್ದು ವಿದ್ಯಾರ್ಥಿಗಳ ಒಳ್ಳೆಯದಕ್ಕಲ್ಲ, ಅವರು ಎದ್ದು ಬೇರೆ ಇನ್‌ಸ್ಟಿಟ್ಯೂಟಿಗೆ ಹೋಗಬಾರದು ಎಂದು. ಅದು ಅವರಿಗೆ ಗೊತ್ತಿತ್ತು.

ಹೋದ ತಿಂಗಳು ಹೈಮಾವತಿ ಎಂಬ ಹುಡುಗಿ ಎರಡನೇ ಸಾಲಿನಿಂದ ಎದ್ದು ನಿಂತು ಕೇಳಿದ್ದಳು. ಮಿರ್ಯಾಲಗೂಡದವಳು, ಬಿ.ಟೆಕ್. ಮುಗಿಸಿ ಎರಡು ವರ್ಷ ಕೆಲಸ ಸಿಗದೆ, ಎಸ್.ಆರ್. ನಗರದ ಹಾಸ್ಟೆಲಿನಲ್ಲಿದ್ದುಕೊಂಡು ಜಾವಾ ಕಲಿಯುತ್ತಿದ್ದಳು.

"ಸಾರ್, ಕಂಪನಿಗಳು ಪೈಥಾನೂ ಕೇಳ್ತಿವೆ. ಜತೆಗೆ ಅದನ್ನೂ ಕಲೀಲಾ?"

ಭಾನುಮೂರ್ತಿ ಮೈಕನ್ನು ಬಾಯಿಗೆ ಹತ್ತಿರ ಹಿಡಿದಿದ್ದರು. "ಕಟ್ಟಿಕೊಂಡ ಗಂಡನ ಜತೆ ಬಾಳೋದು ಇನ್ನೂ ಬಂದಿಲ್ಲ, ನಮ್ಮ ಹೈಮಾವತಿ ಆಗಲೇ ಎರಡನೇ ಸಂಬಂಧ ನೋಡ್ತಿದ್ದಾಳೆ!"

ಹಾಲ್ ಬಹಳ ಹೊತ್ತು ನಕ್ಕಿತ್ತು. ಆಮೇಲೆ ಜೆರಾಕ್ಸ್ ಅಂಗಡಿಯ ಮುಂದೆ, ಮೆಟ್ಟಿಲ ಮೇಲೆ, ಹುಡುಗರು ಅವಳನ್ನು ಕಂಡಾಗಲೆಲ್ಲ "ಎರಡನೇ ಸಂಬಂಧ ಬಂತು, ದಾರಿ ಬಿಡ್ರೋ" ಎನ್ನತೊಡಗಿದರು. ಭಾನುಮೂರ್ತಿ ಅದನ್ನು ತಾವೇ ಎರಡು ಸಲ ಕೇಳಿಸಿಕೊಂಡಿದ್ದರು. ಏನೂ ಹೇಳಿರಲಿಲ್ಲ. ಹೈಮಾವತಿ ಎರಡನೇ ಸಾಲು ಬಿಟ್ಟು ಗೋಡೆ ಪಕ್ಕದ ಸಾಲಿಗೆ ಹೋಗಿದ್ದಳು.

ಸೋಮವಾರ ತಮ್ಮ ಒಂಬತ್ತು ಗಂಟೆಯ ಪಾಠ ಮುಗಿಸಿ ಭಾನುಮೂರ್ತಿ ಇಡ್ಲಿ ಬಂಡಿಯ ಹತ್ತಿರ ನಿಂತಿದ್ದಾಗ ಫೋನು ಬಂತು.

"ಸಾರ್, ನಾನು ಇಮ್ತಿಯಾಜ್. ಬೆಳಿಗ್ಗೆ ಬಂದಿದ್ರಂತೆ?"

ಭಾನುಮೂರ್ತಿ ತಟ್ಟೆಯನ್ನು ಬಂಡಿಯ ಮೇಲಿಟ್ಟರು. "ಯಾರು ಹೇಳಿದ್ದು?"

"ಕೌಂಟರ್‌ನಲ್ಲಿ ಶಿರೀಷ ಇದ್ದಾಳಲ್ಲ, ಡೆಮೊಗೆ ಬಂದೋರಿಗೆಲ್ಲ ಫೋನ್ ಮಾಡಿ ಸೇರ್ತೀರಾ ಅಂತ ಕೇಳೋದು ಅವಳ ಕೆಲಸ. ಸತ್ಯಂ ಅನ್ನೋರ ನಂಬರ್ ಒತ್ತಿದ್ಲು. ಫೋನ್ ತೆರೆ ಮೇಲೆ 'ಭಾನು ಸಾರ್ ಜಾವಾ' ಅಂತ ಬಂತು. ಹೆದರಿ ಕಟ್ ಮಾಡಿ ನನ್ನ ಹತ್ರ ಓಡಿ ಬಂದ್ಲು."

ನಂಬರ್ ಒತ್ತಿದರೆ ಹೆಸರು ತೋರಿಸುವ ಆ್ಯಪ್ ಬೀದಿಯ ಎಲ್ಲ ಕೌಂಟರುಗಳಲ್ಲೂ ಇತ್ತು. ಯಾರನ್ನು ಜನ ಏನೆಂದು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾರೋ ಅದೇ ಹೆಸರು ಅಲ್ಲಿ ಬರುತ್ತದೆ. ಹದಿನೇಳು ವರ್ಷದ ವಿದ್ಯಾರ್ಥಿಗಳೆಲ್ಲ ಅವರನ್ನು ಒಂದೇ ಹೆಸರಿನಲ್ಲಿ ಬರೆದಿಟ್ಟುಕೊಂಡಿದ್ದರು.

"ಹೇಳಿದ್ರೆ ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸ್ತಿದ್ನಲ್ಲ ಸಾರ್. ಎಲ್ಲಿ ಕೂತಿದ್ರಿ?"

"ಸುಮ್ಮನೆ ನಿನ್ನ ಪಾಠ ಹೇಗಿದೆ ಅಂತ ನೋಡೋಕೆ ಬಂದೆ ಕಣೋ."

"ಹೇಗಿತ್ತು ಸಾರ್?"

"ಅಜ್ಜಿ ವಿಷಯ ಚೆನ್ನಾಗಿತ್ತು."

ಇಮ್ತಿಯಾಜ್ ದನಿ ತಗ್ಗಿಸಿದ. "ಸಾರ್, ತಪ್ಪು ತಿಳೀಬೇಡಿ. ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಹಾಲ್ ಖಾಲಿ ಇರುತ್ತೆ. ನೀವು ಬನ್ನಿ. ನಾವಿಬ್ಬರೇ. ಶಿರೀಷಗೂ ಬಾಯಿ ಮುಚ್ಕೊಂಡಿರು ಅಂದಿದ್ದೀನಿ."

ಭಾನುಮೂರ್ತಿ ಆಚೀಚೆ ನೋಡಿದರು. ಬಂಡಿಯವನು ಚಟ್ನಿ ಬಡಿಸುತ್ತಿದ್ದ. "ನಾಳೆ ಬರ್ತೀನಿ," ಎಂದರು. "ಯಾರಿಗೂ ಗೊತ್ತಾಗಬಾರದು."

ಅದೇ ದಿನ ಹನ್ನೆರಡಕ್ಕೆ, ವಿದ್ಯಾರ್ಥಿಗಳು ಬಂದು ಸಂದೇಹ ಕೇಳುವ ಹೊತ್ತಿನಲ್ಲಿ, ಹೈಮಾವತಿ ಬಂದಳು. ಉಳಿದವರೆಲ್ಲ ಹೋಗುವವರೆಗೂ ಬಾಗಿಲ ಹತ್ತಿರ ನಿಂತಿದ್ದಳು.

"ಏನಮ್ಮಾ?"

"ಸಾರ್, ಅವತ್ತು ಎಲ್ಲರ ಮುಂದೆ ಕೇಳಿದ್ದು ನನ್ನ ತಪ್ಪು. ಅದಕ್ಕೇ ಈಗ ಒಬ್ಬಳೇ ಬಂದೆ." ಅವಳು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಹೋದ ತಿಂಗಳು ಇಮ್ತಿಯಾಜ್ ಸಾರ್ ಡೆಮೊ ಕೇಳಿದ್ದೆ. ಗುರುವಾರ ಶುರುವಾಗೋ ಬ್ಯಾಚ್‌ಗೆ ಹೆಸರು ಕೊಟ್ಟಿದ್ದೀನಿ. ನನ್ನ ರೂಮಿನವಳು ಪೈಥಾನ್ ಕಲ್ತು ಕೆಲಸಕ್ಕೆ ಸೇರ್ಕೊಂಡ್ಲು. ಆದ್ರೂ ನಿಮ್ಮನ್ನ ಕೇಳ್ದೆ ಹೋಗೋಕೆ ಮನಸ್ಸಿಲ್ಲ. ಹೋಗಲಾ, ಬಿಡಲಾ?"

ಮೇಜಿನ ಮೇಲೆ ಭಾನುಮೂರ್ತಿ ಮಡಚಿಟ್ಟ ಕರ್ಚೀಫು ಇತ್ತು. ಹುಡುಗಿಗೆ ಪೈಥಾನ್ ಬೇಕು ಎಂದು ಅವರಿಗೆ ಗೊತ್ತಿತ್ತು. ಬೇಡವಾಗಿದ್ದರೆ ಬೆಳಿಗ್ಗೆ ಅವರೇ ಏಕೆ ಹೋಗುತ್ತಿದ್ದರು? ಅದರ ಜತೆಗೇ ಇನ್ನೊಂದು ಲೆಕ್ಕವೂ ತಲೆಯಲ್ಲಿ ಬಂತು. ಇವಳು ಅಲ್ಲಿ ಸೇರಿದರೆ ಅದೇ ಮೆಟ್ಟಿಲಲ್ಲಿ ಓಡಾಡುತ್ತಾಳೆ. ಒಂದು ದಿನ ತಮ್ಮನ್ನು ಕಾಣುತ್ತಾಳೆ.

"ಬೇಡ," ಎಂದರು. "ಮೊದಲು ಜಾವಾ ಗಟ್ಟಿ ಮಾಡ್ಕೋ."

"ಪೂರ್ತಿ ಬೇಡವಾ ಸಾರ್?"

"ಬೇಡ ಅಂದ್ನಲ್ಲ."

"ಸರಿ ಸಾರ್." ಅವಳ ಮುಖ ಹಗುರಾಯಿತು. "ನೀವು ಹೇಳಿದ ಮೇಲೆ ಮುಗೀತು. ಎರಡು ದಿನದಿಂದ ನಿದ್ದೆ ಇರ್ಲಿಲ್ಲ. ನಾಳೆ ಹೋಗಿ ಹೆಸರು ತೆಗೆಸ್ತೀನಿ."

ಅವಳು ಕೈ ಮುಗಿದು ಹೋದಳು. ಭಾನುಮೂರ್ತಿ ಕೂಗಿ ಕರೆಯಬಹುದಿತ್ತು, ಅವಳ ಚಪ್ಪಲಿ ಸದ್ದು ಕೆಳಗಿನ ಮಹಡಿಯವರೆಗೂ ಕೇಳುತ್ತಿತ್ತು. ಕರೆಯಲಿಲ್ಲ.

ಮಂಗಳವಾರ ಮಧ್ಯಾಹ್ನ ಎರಡಕ್ಕೆ ಇಮ್ತಿಯಾಜನ ಹಾಲಿನಲ್ಲಿ ಇಬ್ಬರೇ ಇದ್ದರು. ಇಮ್ತಿಯಾಜ್ ಗುರುವಿಗೆ ತನ್ನ ಕುರ್ಚಿ ಕೊಡಲು ನೋಡಿದ. ಭಾನುಮೂರ್ತಿ ಒಪ್ಪದೆ, ಬರೆಯಲು ಹಲಗೆ ಇದ್ದ ವಿದ್ಯಾರ್ಥಿಗಳ ಕುರ್ಚಿಯಲ್ಲೇ ಕೂತರು. ಅವರು ಕೂತಿದ್ದಾರೆಂದು ಇಮ್ತಿಯಾಜ್ ಬೋರ್ಡಿಗೆ ಪೂರ್ತಿ ಬೆನ್ನು ಕೊಡಲೂ ಆಗದೆ, ಅವರಿಗೆ ಬೆನ್ನು ತೋರಿಸಲೂ ಆಗದೆ, ಅಡ್ಡಡ್ಡ ನಿಂತು ಬರೆಯತೊಡಗಿದ.

"ಒಂದು ಸಣ್ಣ ಪ್ರೋಗ್ರಾಂ ಬರೀರಿ ಸಾರ್. ಹತ್ತರವರೆಗೆ ಎಣಿಸೋದು."

ಭಾನುಮೂರ್ತಿ ಬರೆದು ತೋರಿಸಿದರು. ಸಾಲಿನ ಕೊನೆಗೆಲ್ಲ ಜಾವಾದ ಅಭ್ಯಾಸದಂತೆ ಅರ್ಧವಿರಾಮ ಇತ್ತು.

"ಇದು ಇಲ್ಲಿ ಬೇಕಿಲ್ಲ. ಆದ್ರೆ ಇದ್ರೂ ಓಡುತ್ತೆ ಸಾರ್, ಪರವಾಗಿಲ್ಲ."

"ಒಳಗಿನ ಸಾಲನ್ನ ಜರುಗಿಸಿ ಬರೀಬೇಕಲ್ವಾ? ನಾನು ಬರೆದಿಲ್ಲ."

"ಹೌದು ಸಾರ್, ಅದು... ನೀವು ಬ್ರಾಕೆಟ್ ಹಾಕಿದ್ದೀರಿ. ಜಾವಾದಲ್ಲಿ ಅದೇ ಸರಿ."

"ಇಲ್ಲಿ?"

"ಇಲ್ಲಿ ಸ್ವಲ್ಪ ಬೇರೆ ಸಾರ್."

"ಇಮ್ತಿಯಾಜ್, ತಪ್ಪು ಅಂತ ಹೇಳೋಕೇನು ರೋಗ ನಿಂಗೆ?"

ಇಮ್ತಿಯಾಜ್ ಸೀಮೆಸುಣ್ಣದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನಿಮಗೆ ಹೇಗೆ ಸಾರ್ ಹೇಳೋದು? ನಮ್ಮಮ್ಮ ಕೇಳಿದ್ರೆ ಹೊಡೀತಾಳೆ."

ಹೀಗೇ ಮುಕ್ಕಾಲು ಗಂಟೆ ನಡೆಯಿತು. ಭಾನುಮೂರ್ತಿ ಬರೆದದ್ದೆಲ್ಲ 'ಅದೂ ಒಂಥರಾ ಸರಿ' ಆಗುತ್ತಿತ್ತು. ತಮಗೆ ಏನೂ ಬರುತ್ತಿಲ್ಲ ಎಂದು ಅವರಿಗೆ ಗೊತ್ತಾಗುತ್ತಿತ್ತು. ಏನು ಬರುತ್ತಿಲ್ಲ ಎಂದು ಗೊತ್ತಾಗುತ್ತಿರಲಿಲ್ಲ.

ಹಾಲಿಗೂ ಕೌಂಟರಿಗೂ ನಡುವೆ ಇದ್ದದ್ದು ಅರ್ಧ ಗಾಜಿನ ತಡಿಕೆ. ಆಚೆಯಿಂದ ಶಿರೀಷಳ ದನಿ ಕೇಳಿತು.

"ಹೆಸರು ತೆಗೀಬೇಕಾ? ಯಾಕೆ ಮೇಡಂ? ಬ್ಯಾಚ್ ತುಂಬಿದೆ, ಆಮೇಲೆ ಬೇಕು ಅಂದ್ರೆ ಸಿಗಲ್ಲ."

"ನಮ್ಮ ಸಾರ್ ಬೇಡ ಅಂದ್ರು."

"ಯಾವ ಸಾರ್?"

"ಜಾವಾ ಭಾನು ಸಾರ್."

ಶಿರೀಷಳಿಗೆ ನಗು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡಿರಲು ಹೇಳಿದ್ದರಿಂದ ಅವಳು ಬಾಯಿ ತೆರೆಯಲಿಲ್ಲ. ಪೆನ್ನಿನಿಂದ ಗಾಜಿನ ಕಡೆ ತೋರಿಸಿದಳು.

ಭಾನುಮೂರ್ತಿ ತಿರುಗಿದಾಗ ಹೈಮಾವತಿ ಗಾಜಿನಾಚೆ ನಿಂತಿದ್ದಳು. ಅವಳ ಕಣ್ಣು ಬೋರ್ಡಿಗೆ ಹೋಯಿತು, ಅಲ್ಲಿಂದ ಇಮ್ತಿಯಾಜನಿಗೆ, ಕೊನೆಗೆ ಹಲಗೆ ಕುರ್ಚಿಯಲ್ಲಿ ಪೆನ್ನು ಹಿಡಿದು ಕೂತ ತನ್ನ ಮೇಷ್ಟ್ರಿಗೆ. ಅವಳು ಬಾಗಿಲಿಗೆ ಬಂದಳು.

"ನೀವು ಕಲೀತಿದ್ದೀರಾ ಸಾರ್?"

ಭಾನುಮೂರ್ತಿ ಏಳಲು ಹೋದರು. ಕುರ್ಚಿಯ ಹಲಗೆ ಹೊಟ್ಟೆಗೆ ಅಡ್ಡ ಬಂತು. "ಅದು... ರೆಡ್ಡಿಗಾರು ಹೇಳಿದ್ರು ಅಂತ..."

"ನಿನ್ನೆ ನಾನು ಕೇಳಿದಾಗಲೂ ಕಲೀತಿದ್ರಾ?"

ಭಾನುಮೂರ್ತಿ ಬೋರ್ಡಿನ ಕಡೆ ನೋಡಿದರು. "ನಿನ್ನೆ ಬೆಳಿಗ್ಗೆ ಶುರು ಮಾಡಿದ್ದೆ."

"ಅವತ್ತು ಎಲ್ಲರೂ ನಕ್ಕರು ಸಾರ್," ಎಂದಳು ಹೈಮಾವತಿ. ಅವಳ ದನಿ ಏರಲಿಲ್ಲ. "ನಾನೂ ನಕ್ಕೆ. ಸಾರ್ ಹೇಳಿದ್ರೆ ಏನೋ ಅರ್ಥ ಇರುತ್ತೆ ಅಂತ. ಹಾಸ್ಟೆಲ್‌ಗೆ ಹೋಗಿ ನಮ್ಮ ರೂಮಿನವಳಿಗೂ ಹೇಳಿ ನಗಿಸಿದ್ದೆ."

ಅವಳು ಕೌಂಟರಿಗೆ ತಿರುಗಿದಳು. "ಹೆಸರು ಇರ್ಲಿ ಬಿಡಿ," ಎಂದು ಶಿರೀಷಳಿಗೆ ಹೇಳಿ ಮೆಟ್ಟಿಲಿಳಿದು ಹೋದಳು.

ಇಮ್ತಿಯಾಜ್ ಬೋರ್ಡು ಒರೆಸಿದ. ಏನು ನಡೆಯಿತೆಂದು ಅವನಿಗೆ ಪೂರ್ತಿ ತಿಳಿಯಲಿಲ್ಲ, ಆದರೆ ಕೇಳಲಿಲ್ಲ. "ನೀರು ಕುಡೀತೀರಾ ಸಾರ್?" ಎಂದ.

"ಗುರುವಾರದ ಬ್ಯಾಚ್‌ಗೆ ಇನ್ನೊಂದು ಸೀಟು ಇದೆಯಾ?" ಎಂದರು ಭಾನುಮೂರ್ತಿ.

"ನಿಮಗ್ಯಾಕೆ ಸಾರ್ ಬ್ಯಾಚು? ಇಲ್ಲೇ ನಾವಿಬ್ಬರೇ..."

"ಇಲ್ಲಿ ನೀನು ಕಲಿಸ್ತಿಲ್ಲ ಕಣೋ, ನನಗೆ ಉಪಚಾರ ಮಾಡ್ತಿದ್ದೀಯ."

ಬುಧವಾರ ಒಂಬತ್ತಕ್ಕೆ ತಮ್ಮ ಹಾಲಿನಲ್ಲಿ ಮೈಕು ಹಿಡಿದಾಗ ಭಾನುಮೂರ್ತಿ ಗೋಡೆ ಪಕ್ಕದ ಸಾಲನ್ನು ನೋಡಿದರು. ಹೈಮಾವತಿಯ ಕುರ್ಚಿ ಖಾಲಿ ಇತ್ತು. ಅವಳಿಲ್ಲದಾಗ ಹೇಳುವುದು ಸುಲಭ ಎಂದು ಒಂದು ಕ್ಷಣ ಅನ್ನಿಸಿ, ಹಾಗನ್ನಿಸಿದ್ದಕ್ಕೂ ನಾಚಿಕೆಯಾಯಿತು.

"ಪೈಥಾನ್ ಕಲೀಬೇಕಾ ಅಂತ ಹೋದ ತಿಂಗಳು ಒಬ್ಬರು ಕೇಳಿದ್ರು," ಎಂದರು. "ಕಲೀಬೇಕು. ನಾನೂ ನಾಳೆಯಿಂದ ಕಲಿಯೋಕೆ ಹೋಗ್ತಿದ್ದೀನಿ."

ಹಾಲ್ ನಕ್ಕಿತು. ಮುಂದಿನ ಮಾತು ಬರುತ್ತದೆಂದು ಎಲ್ಲರೂ ಕಾದರು. ಭಾನು ಸಾರ್ ಹೀಗೆ ಶುರು ಮಾಡಿದರೆ ಹಿಂದೆಯೇ ಒಂದು ಏಟು ಇದ್ದೇ ಇರುತ್ತದೆ.

"ಎರಡನೇ ಸಂಬಂಧಾನಾ ಸಾರ್?" ಎಂದು ಹಿಂದಿನಿಂದ ಒಬ್ಬ ಕೂಗಿದ. ನಗು ಜೋರಾಯಿತು.

ಭಾನುಮೂರ್ತಿ ನಗು ನಿಲ್ಲುವವರೆಗೂ ಕಾದರು. ತಮ್ಮ ತರಗತಿಯಲ್ಲಿ ಅವರು ತಿರುಗೇಟು ಕೊಡದೆ ಹೀಗೆ ಕಾದು ನಿಂತದ್ದು ಯಾರಿಗೂ ನೆನಪಿರಲಿಲ್ಲ.

"ಆ ಮಾತು ನಾನು ಹೇಳಿದ್ದು. ಹೊಲಸು ಮಾತು. ಆ ಹುಡುಗಿ ಸರಿಯಾದ್ದನ್ನೇ ಕೇಳಿದ್ಲು, ನನ್ನ ಹಾಲ್ ಖಾಲಿಯಾಗುತ್ತೆ ಅಂತ ನಾನು ಬೇಡ ಅಂದೆ. ಇನ್ನು ಮೇಲೆ ಯಾರೂ ಅವಳನ್ನ ಆ ಮಾತಲ್ಲಿ ಕರೀಬಾರದು." ಮೈಕನ್ನು ಎಡಗೈಗೆ ಬದಲಾಯಿಸಿದರು. "ಪಾಠಕ್ಕೆ ಬರೋಣ."

ಕೆಲವರು ಇದನ್ನೂ ತಮಾಷೆ ಎಂದೇ ತಿಳಿದರು. ಮುಂದಿನ ಸಾಲಿನವರಿಗೆ ಮಾತ್ರ ಅವರ ಮುಖ ಕಾಣುತ್ತಿತ್ತು.

ಪಾಠ ಮುಗಿಸಿ ಅವರು ದಾಮೋದರ ರೆಡ್ಡಿಯ ಕೋಣೆಗೆ ಹೋದರು. ಆಗಸ್ಟಿಗೆ ತಾವು ಪೈಥಾನ್ ಹೇಳಿಕೊಡಲಾಗುವುದಿಲ್ಲ, ಮೊದಲು ತಾವು ಕಲಿಯಬೇಕು, ಅದಕ್ಕೆ ಆರು ತಿಂಗಳಾದರೂ ಹಿಡಿಯುತ್ತದೆ ಎಂದರು.

"ಯಾರು ಕೇಳ್ತಾರೆ ಮೂರ್ತಿಗಾರು?" ಎಂದ ರೆಡ್ಡಿ. "ನಾಲ್ಕು ವಿಡಿಯೊ ನೋಡ್ಕೊಂಡು ಬಂದು ಶುರು ಮಾಡಿ. ನಿಮ್ಮ ಮೀಸೆ ಸಾಕು. ಮಕ್ಕಳಿಗೆ ಏನು ಗೊತ್ತಾಗುತ್ತೆ?"

"ಗೊತ್ತಾಗುತ್ತೆ," ಎಂದರು ಭಾನುಮೂರ್ತಿ.

ಗುರುವಾರ ಬೆಳಿಗ್ಗೆ ಏಳೂವರೆಗೆ ಅವರು ಕರ್ಚೀಫು ಇಲ್ಲದೆ ಮೆಟ್ಟಿಲು ಹತ್ತಿದರು. ಕೌಂಟರಿನಲ್ಲಿ ತಮ್ಮ ಹೆಸರೇ ಹೇಳಿದರು. ಶಿರೀಷ ಈ ಸಲ ನಗಲಿಲ್ಲ. ತಲೆ ಎತ್ತದೆ ಬರೆದುಕೊಂಡಳು. ಹಾಲಿನಲ್ಲಿ ಪಿಸುಮಾತು ಹರಿಯಿತು. "ಭಾನು ಸಾರ್ ಕಣೋ." "ಚೀಫ್ ಗೆಸ್ಟಾ?" "ಪುಸ್ತಕ ತಂದಿದ್ದಾರೋ!" ಅವರು ಐದನೇ ಸಾಲಿನಲ್ಲಿ, ದಾರಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಹೈಮಾವತಿ ಮೂರನೇ ಸಾಲಿನಲ್ಲಿದ್ದಳು. ಒಮ್ಮೆ ತಿರುಗಿ ನೋಡಿ ಮುಂದಕ್ಕೆ ತಿರುಗಿದಳು.

ಇಮ್ತಿಯಾಜ್ ಭಾಗಾಕಾರವನ್ನೇ ಮುಂದುವರಿಸಿದ. ಪೂರ್ಣಸಂಖ್ಯೆ ಮಾತ್ರ ಬೇಕೆಂದರೆ ಭಾಗಾಕಾರದ ಓರೆಗೆರೆಯನ್ನು ಎರಡು ಸಲ ಹಾಕಬೇಕು. ಆಗ ಏಳು ಭಾಗಿಸು ಎರಡು ಇಲ್ಲೂ ಮೂರೇ.

"ಮೈನಸ್ ಏಳನ್ನ ಎರಡರಿಂದ ಹೀಗೇ ಭಾಗಿಸಿದ್ರೆ?"

ಭಾನುಮೂರ್ತಿ ಕೈ ಎತ್ತಿದರು. ಇಮ್ತಿಯಾಜ್ ಬೇರೆ ಕೈ ಇದೆಯೇ ಎಂದು ಹಾಲನ್ನೆಲ್ಲ ನೋಡಿದ. ಇರಲಿಲ್ಲ.

"ಹೇಳಿ ಸಾರ್."

"ಮೈನಸ್ ಮೂರು."

ಇಮ್ತಿಯಾಜ್ ಸೀಮೆಸುಣ್ಣ ಕೆಳಗಿಟ್ಟ. "ತಪ್ಪು ಸಾರ್," ಎಂದ. "ಮೈನಸ್ ನಾಲ್ಕು. ಜಾವಾ ಸೊನ್ನೆ ಕಡೆ ಕತ್ತರಿಸುತ್ತೆ. ಇದು ಕೆಳಗಿನ ಸಂಖ್ಯೆಗೆ ಇಳಿಯುತ್ತೆ."

ಹಾಲ್ ನಕ್ಕಿತು. ಭಾನುಮೂರ್ತಿಯವರ ಕಿವಿ ಕೆಂಪಾಯಿತು. ಅವರು ಮೂರನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದುಕೊಂಡರು. ಹೈಮಾವತಿ ತಿರುಗಿ ನೋಡಲಿಲ್ಲ, ಅವಳೂ ಬರೆದುಕೊಳ್ಳುತ್ತಿದ್ದಳು.

ಆಗಸ್ಟ್ ಮೊದಲ ವಾರ ದಾಮೋದರ ರೆಡ್ಡಿ ಒಂಬತ್ತು ಗಂಟೆಯ ದೊಡ್ಡ ಹಾಲನ್ನು ವಿಜಯವಾಡದಿಂದ ಬಂದ ಹೊಸ ಮೇಷ್ಟ್ರಿಗೆ ಕೊಟ್ಟ. ಭಾನುಮೂರ್ತಿಯವರ ಜಾವಾ ಎರಡನೇ ಮಹಡಿಯ ಸಣ್ಣ ಕೋಣೆಗೆ, ಹನ್ನೊಂದು ಗಂಟೆಗೆ ಹೋಯಿತು. ಕಂಬದ ಮೇಲಿನ ಅವರ ಫ್ಲೆಕ್ಸನ್ನು ಅದೇ ವಾರ ಬಿಚ್ಚಿಸಿದ.